ಓದುಗರ ಪ್ರಶ್ನೆ: ಅಮ್ಮ ಇದ್ದೂ ಆಶ್ರಮ ಏಕೆ? ಅಲ್ಲಿಗೆ ಬಣ್ಣ, ಕಾಗದ ಹಿಡಿದು ಹೋಗುವುದು ಹೇಗೆ?

ಮಕ್ಕಳ ಆಶ್ರಮಗಳ ಬಗ್ಗೆ, ಅಲ್ಲಿ ಚಿತ್ರ ಕಲಿಸುವ ಬಗ್ಗೆ ಬೆಂಗಳೂರಿನ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವರು ಮತ್ತು ಚಿತ್ರಕಲಾ ಶಿಕ್ಷಕರು ಸೇರಿ ಉತ್ತರ ಬರೆದಿದ್ದಾರೆ.

ಪ್ರಶ್ನೆ: ಮಗನ ಹುಟ್ಟುಹಬ್ಬಕ್ಕೆ ಹತ್ತಿರದ ಅನಾಥಾಶ್ರಮದಲ್ಲಿ ಊಟ ಹಾಕಿಸಿದೆವು. ಮಾತಿನ ನಡುವೆ, ಅಲ್ಲಿರುವ ಬಹಳಷ್ಟು ಮಕ್ಕಳಿಗೆ ತಾಯಿ ಇದ್ದಾರೆ, ಕೆಲವರಿಗೆ ತಂದೆ ತಾಯಿ ಇಬ್ಬರೂ ಇದ್ದಾರೆ ಎಂದು ಗೊತ್ತಾಯಿತು. ನಮಗೆ ಮೋಸವಾದಂತೆ ಅನ್ನಿಸಿತು. ಅನಾಥರಲ್ಲದ ಮಕ್ಕಳನ್ನು ಅಲ್ಲಿ ಏಕೆ ಇಟ್ಟುಕೊಂಡಿದ್ದಾರೆ? (ವಿಜಯನಗರದ ಓದುಗರು)

ಉತ್ತರ: ಮೋಸವಾಗಿಲ್ಲ. ಆಶ್ರಮದಲ್ಲಿರುವ ಮಕ್ಕಳೆಲ್ಲ ಇಬ್ಬರನ್ನೂ ಕಳೆದುಕೊಂಡವರು ಎಂದು ನಾವು ಅಂದುಕೊಂಡಿರುವುದೇ ಸರಿಯಲ್ಲ. ಜಗತ್ತಿನ ಲೆಕ್ಕ ತೆಗೆದುಕೊಂಡರೆ ಇಂಥ ಸಂಸ್ಥೆಗಳಲ್ಲಿರುವ ಐದು ಮಕ್ಕಳಲ್ಲಿ ನಾಲ್ವರಿಗೆ ಹೆತ್ತವರಲ್ಲಿ ಒಬ್ಬರಾದರೂ ಇದ್ದಾರೆ ಎಂಬುದು ಮಕ್ಕಳ ಹಕ್ಕುಗಳ ಸಂಸ್ಥೆಗಳು ಬಹುಕಾಲದಿಂದ ಹೇಳುತ್ತಿರುವ ಅಂದಾಜು. ನಮ್ಮ 2015ರ ಬಾಲನ್ಯಾಯ ಕಾಯ್ದೆ ಕೂಡ ಅನಾಥ ಮಕ್ಕಳಿಗಷ್ಟೇ ಸೀಮಿತವಲ್ಲ. ಪಾಲನೆ, ರಕ್ಷಣೆ ಬೇಕಾದ ಎಲ್ಲ ಮಕ್ಕಳೂ ಅದರ ವ್ಯಾಪ್ತಿಗೆ ಬರುತ್ತಾರೆ.

ಬೆಂಗಳೂರಿನಲ್ಲಿ ಮಗು ಆಶ್ರಮದ ಬಾಗಿಲಿಗೆ ಬರುವ ದಾರಿ ಹೆಚ್ಚಾಗಿ ಹೀಗಿರುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗಂಡ ಹೆಂಡತಿ ಗಾರೆ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಒಂದು ಕಟ್ಟಡ ಮುಗಿದರೆ ಶೆಡ್ಡು ಇನ್ನೊಂದು ಬಡಾವಣೆಗೆ ಹೋಗುತ್ತದೆ, ಮಗುವಿನ ಶಾಲೆ ತಪ್ಪುತ್ತದೆ. ಇಷ್ಟರಲ್ಲಿ ಗಂಡ ಕುಡಿತಕ್ಕೆ ಬೀಳುತ್ತಾನೆ, ಅಥವಾ ಮೇಲಿನ ಅಂತಸ್ತಿನಿಂದ ಬಿದ್ದು ತೀರಿಕೊಳ್ಳುತ್ತಾನೆ, ಅಥವಾ ಬೇರೆ ಸಂಸಾರ ಹೂಡುತ್ತಾನೆ. ಕಾಯಿಲೆ, ಸಾಲ ಬಂದರಂತೂ ಹೇಳುವುದೇ ಬೇಡ. ತಾಯಿ ಬೆಳಿಗ್ಗೆ ಏಳಕ್ಕೆ ಹೊರಟರೆ ಮರಳುವುದು ಕತ್ತಲಾದ ಮೇಲೆ. ಮಗುವನ್ನು ಯಾರ ಹತ್ತಿರ ಬಿಡುವುದು? ಮೇಸ್ತ್ರಿಯೋ ಪಕ್ಕದ ಶೆಡ್ಡಿನವರೋ ‘ಹಾಸ್ಟೆಲ್‌ಗೆ ಹಾಕಮ್ಮ, ಊಟನೂ ಸಿಗುತ್ತೆ, ಓದೂ ಸಿಗುತ್ತೆ’ ಅನ್ನುತ್ತಾರೆ. ಆಕೆ ಮಗುವನ್ನು ಬಿಟ್ಟುಬಿಡಲು ಬಂದವಳಲ್ಲ, ಓದಿಸಲು ಬಂದವಳು.

ಹಾಗಾದರೆ ಸರ್ಕಾರಿ ವಸತಿ ಶಾಲೆ ಇಲ್ಲವೇ ಎಂದು ಕೇಳಬಹುದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಪ್ರವೇಶ ಪರೀಕ್ಷೆ ಬರೆದು ಸೇರುವುದು 6ನೇ ತರಗತಿಗೆ. ಆರು ವರ್ಷದ ಮಗುವಿಗೆ ಅಲ್ಲಿ ಜಾಗವಿಲ್ಲ. ಕಾರ್ಮಿಕ ಕಾನೂನಿನ ಪ್ರಕಾರ 50ಕ್ಕಿಂತ ಹೆಚ್ಚು ಆಳುಗಳಿರುವ ಕೆಲಸದ ಜಾಗದಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಲೇಬೇಕು. ಆದರೆ ಮೂರು ಮಹಡಿಯ ಬಾಡಿಗೆ ಮನೆ ಕಟ್ಟುವ ಕಡೆ ಅಷ್ಟು ಆಳುಗಳೇ ಇರುವುದಿಲ್ಲ. ಕೊಠಡಿ ಇದ್ದ ಕಡೆಯೂ ಆರು ತುಂಬಿದ ಮಗು ಹೊರಗೆ. ಆರರಿಂದ ಹನ್ನೊಂದರವರೆಗಿನ ಈ ತೆರವಿನಲ್ಲೇ ಬಹಳ ಮಕ್ಕಳು ಆಶ್ರಮ ಸೇರುವುದು.

ಬೇರೆ ಕಾರಣಗಳೂ ಇವೆ. ಮಗಳು ದೊಡ್ಡವಳಾದಳು, ಬಾಗಿಲಿಗೆ ಚಿಲಕವೂ ಸರಿಯಿಲ್ಲದ ಶೆಡ್ಡಿನಲ್ಲಿ ಒಬ್ಬಳನ್ನೇ ಬಿಡಲು ತಾಯಿಗೆ ಭಯ. ತಾಯಿ ಮರುಮದುವೆಯಾದಳು, ಹೊಸ ಗಂಡನಿಗೆ ಮಗು ಬೇಡ. ಬುದ್ಧಿಮಾಂದ್ಯ ಮಗುವನ್ನು ಹಗಲು ನೋಡಿಕೊಳ್ಳುವ ಕೇಂದ್ರ ಹತ್ತಿರದಲ್ಲೆಲ್ಲೂ ಇಲ್ಲ. ಜೈಲಿನಲ್ಲಿರುವ ತಾಯಿಯ ಜೊತೆ ಮಗು ಇರಬಹುದಾದದ್ದು 6 ವರ್ಷದವರೆಗೆ ಮಾತ್ರ. ಬಾಲ್ಯವಿವಾಹದಿಂದ, ಬಾಲಕಾರ್ಮಿಕ ಕೆಲಸದಿಂದ ಬಿಡಿಸಿದ ಮಕ್ಕಳು, ಹೊಡೆತ ತಾಳದೆ ರೈಲು ಹತ್ತಿ ಬಂದು ಮೆಜೆಸ್ಟಿಕ್‌ನಲ್ಲೋ ಯಶವಂತಪುರದಲ್ಲೋ ಇಳಿದ ಮಕ್ಕಳು ಕೂಡ ಇಲ್ಲಿಗೇ ಬರುತ್ತಾರೆ.

ಇವರಲ್ಲಿ ಕೆಲವರಿಗೆ ಆಶ್ರಮ ನಿಜವಾಗಿಯೂ ಬೇಕು. ಮನೆಯಲ್ಲೇ ಅಪಾಯವಿರುವ ಮಗುವನ್ನು ‘ಅಮ್ಮನ ಜೊತೆ ಇರಲಿ’ ಎಂದು ವಾಪಸ್ ಕಳಿಸುವುದು ಕ್ರೌರ್ಯ. ಆದರೆ ಬಡತನವೊಂದೇ ಕಾರಣವಾದಾಗ ಮಗುವನ್ನು ತಾಯಿಯಿಂದ ಬೇರೆ ಮಾಡುವುದು ಅನ್ಯಾಯ ಎಂಬುದು ನಮ್ಮ ಖಚಿತ ನಿಲುವು. ವಿಶ್ವಸಂಸ್ಥೆ 2009ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿ ಹೇಳುವುದೂ ಇದನ್ನೇ. ತೀರ ಚಿಕ್ಕ ಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರ. ರುಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನದಲ್ಲಿ ಆಶ್ರಮಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಸಾಕು ಕುಟುಂಬಗಳಿಗೆ ಕಳಿಸಿ, ಎರಡೂ ಗುಂಪುಗಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದರು. ಕುಟುಂಬ ಸೇರಿದ ಮಕ್ಕಳು ಮುಂದೆ ಬಂದರು. ಎರಡು ವರ್ಷ ತುಂಬುವ ಮೊದಲೇ ಸೇರಿದವರು ಒಬ್ಬರನ್ನು ನೆಚ್ಚಿಕೊಳ್ಳುವುದರಲ್ಲಿ ಇನ್ನೂ ಮುಂದಿದ್ದರು.

ಮುಂದಿನ ಸಲ ಊಟ ಹಾಕಿಸಲು ಹೋದಾಗ ಮೂರು ವಿಷಯ ಕೇಳಿ. ಬಾಲನ್ಯಾಯ ಕಾಯ್ದೆಯಡಿ ಸಂಸ್ಥೆ ನೋಂದಣಿಯಾಗಿದೆಯೇ? ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಬರೆದಿದ್ದಾರೆಯೇ? ಹೋದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು? ಮೂರನೆಯದಕ್ಕೆ ಖುಷಿಯಿಂದ ಉತ್ತರ ಹೇಳುವ ಸಂಸ್ಥೆಗೆ ಧಾರಾಳವಾಗಿ ಕೊಡಿ. ನೋಂದಣಿಯೇ ಇಲ್ಲದಿದ್ದರೆ ಅದು ಅಪರಾಧ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಪ್ರಶ್ನೆ: ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಒಂಟಿ ಮಗು ಸಿಕ್ಕರೆ ನಮಗೆ ಪರಿಚಯವಿರುವ ಆಶ್ರಮಕ್ಕೆ ನೇರವಾಗಿ ಸೇರಿಸಬಹುದೇ? (ಗಾಂಧಿನಗರದ ವ್ಯಾಪಾರಿ)

ಉತ್ತರ: ಸೇರಿಸಬಾರದು. 1098ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಪೊಲೀಸ್ ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿಗೆ ಒಪ್ಪಿಸಿ. ರೈಲು ನಿಲ್ದಾಣದಲ್ಲಾದರೆ ರೈಲ್ವೆ ರಕ್ಷಣಾ ಪಡೆಯವರಿಗೆ ಹೇಳಿ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಯೇ ಮಗು ಎಲ್ಲಿರಬೇಕೆಂದು ತೀರ್ಮಾನಿಸುವುದು. ಸಿಬ್ಬಂದಿ ಬರುವ ತನಕ ನೀರು, ಬಿಸ್ಕತ್ತು ಕೊಟ್ಟು ಜನ ಓಡಾಡುವ ಜಾಗದಲ್ಲೇ ಕೂರಿಸಿಕೊಳ್ಳಿ. ಮಗು ಸಿಕ್ಕ ಜಾಗ, ಹೊತ್ತು, ಆಡುವ ಭಾಷೆ, ತೊಟ್ಟ ಬಟ್ಟೆ ಬರೆದಿಡಿ. ಮನೆಯವರನ್ನು ಹುಡುಕಲು ಇದೇ ಮೊದಲ ಎಳೆ. ಫೋಟೊ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ಮಗು ತಪ್ಪಿಸಿಕೊಂಡು ಬಂದದ್ದು ಯಾರಿಂದಲೋ, ಅವರೇ ಆ ಫೋಟೊ ನೋಡಿ ಹುಡುಕಿಕೊಂಡು ಬರಬಹುದು.

ಪ್ರಶ್ನೆ: ನಾನು ನಿವೃತ್ತ ಚಿತ್ರಕಲಾ ಶಿಕ್ಷಕಿ. ಬಾಲಮಂದಿರದ ಮಕ್ಕಳಿಗೆ ವಾರಕ್ಕೊಮ್ಮೆ ಚಿತ್ರ ಕಲಿಸಬೇಕೆಂದಿದ್ದೇನೆ. ಇದರಿಂದ ಅವರಿಗೆ ನಿಜವಾಗಿ ಏನು ಉಪಯೋಗ? ಏನೇನು ಸಾಮಾನು ಬೇಕು, ಎಲ್ಲಿ ಎಡವುತ್ತೇವೆ ಎಂದು ವಿವರವಾಗಿ ತಿಳಿಸಿ. (ಮಲ್ಲೇಶ್ವರದ ಓದುಗರು)

ಉತ್ತರ: ಉಪಯೋಗ ಏನೆಂದು ತಿಳಿಯಲು ಆಶ್ರಮದ ಒಂದು ದಿನವನ್ನು ನೋಡಿದರೆ ಸಾಕು. ಏಳುವುದು ಗಂಟೆಗೆ, ಉಣ್ಣುವುದು ಸಾಲಿನಲ್ಲಿ. ಬಟ್ಟೆ ದಾನದಲ್ಲಿ ಬಂದದ್ದು, ಟ್ರಂಕಿನ ಬೀಗ ಕೆಟ್ಟದ್ದು. ಎಷ್ಟೇ ಒಳ್ಳೆಯ ಸಿಬ್ಬಂದಿ ಇದ್ದರೂ ಐವತ್ತು ಮಕ್ಕಳಿರುವ ಕಡೆ ಒಂದು ಮಗು ‘ನನಗೆ ಇದು ಬೇಕು, ಅದು ಬೇಡ’ ಎನ್ನುವ ಸಂದರ್ಭ ಕಡಿಮೆ. ನೀಲಿ ಹಚ್ಚಲೇ, ಕೆಂಪು ಹಚ್ಚಲೇ ಎಂದು ಮಗು ತಾನೇ ತೀರ್ಮಾನಿಸುವ ತೊಂಬತ್ತು ನಿಮಿಷ, ತಾನು ಮಾಡಿದ್ದು ತನ್ನ ಹೆಸರಿನಲ್ಲಿ ಉಳಿಯುವುದು, ಪ್ರತಿ ವಾರ ಅದೇ ಮನುಷ್ಯರು ಬರುವುದು: ಇವು ಮೂರನ್ನು ನೀವು ಕೊಡಬಲ್ಲಿರಿ. ತಾಯಿಯ ಜಾಗವನ್ನು ಚಿತ್ರ ತುಂಬಲಾರದು. ಸಾಕು ಕುಟುಂಬವನ್ನು ಹುಡುಕಿಕೊಡಲಾರದು. ಇಷ್ಟು ತಿಳಿದು ಹೋದರೆ ನಿಮಗೂ ನಿರಾಶೆಯಾಗುವುದಿಲ್ಲ.

ಮಾಡಿದ್ದು ಹೆಸರಿನಲ್ಲಿ ಉಳಿಯುವುದು ಎಂದರೇನು ಎಂಬುದಕ್ಕೆ ಒಂದು ಉದಾಹರಣೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ, ಈಗಿನ ಚೆಕ್ ದೇಶದ ಟೆರೆಜಿನ್‌ನಲ್ಲಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರ ಹೇಳಿಕೊಟ್ಟರು. ಅವರೂ ಬಂದಿಯೇ. 1944ರ ಅಕ್ಟೋಬರ್‌ನಲ್ಲಿ ಅವರನ್ನು ಔಷ್ವಿಟ್ಜ್ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು. ಎರಡು ಸೂಟ್‌ಕೇಸ್‌ಗಳಲ್ಲಿ ಬಚ್ಚಿಟ್ಟು ಉಳಿದ ಸುಮಾರು 4,500 ಚಿತ್ರಗಳು ಈಗ ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಬಹಳಷ್ಟು ಚಿತ್ರಗಳ ಮೇಲೆ ಮಗುವಿನ ಹೆಸರಿದೆ. ಕಲಾ ಚಿಕಿತ್ಸೆಯ ಮೊದಲಿಗರಲ್ಲಿ ಒಬ್ಬರಾದ ಈಡಿತ್ ಕ್ರೇಮರ್ ಇವರ ಬಳಿಯೇ ಕಲಿತವರು.

ಈಗ ಕೆಲಸಕ್ಕೆ ಬರೋಣ. ಮೊದಲು ಅನುಮತಿ. ಸರ್ಕಾರಿ ಬಾಲಮಂದಿರವಾದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಮಟ್ಟದ ಕಚೇರಿಗೆ ಪತ್ರ ಕೊಡಿ, ಖಾಸಗಿಯಾದರೆ ಸಂಸ್ಥೆಯ ಮುಖ್ಯಸ್ಥರಿಗೆ. ಗುರುತಿನ ಚೀಟಿ, ಪೊಲೀಸ್ ಪರಿಶೀಲನಾ ಪತ್ರ ಕೇಳುತ್ತಾರೆ. ಕೇಳದಿದ್ದರೂ ನೀವೇ ಕೊಡಿ. ಹೊರಗಿನವರನ್ನು ವಿಚಾರಿಸದೆ ಒಳಗೆ ಬಿಡುವ ಸಂಸ್ಥೆ ಮಕ್ಕಳಿಗೆ ಒಳ್ಳೆಯದಲ್ಲ. ಶನಿವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಒಳ್ಳೆಯ ಸಮಯ. ಭಾನುವಾರ ದಾನಿಗಳ ಊಟ, ಮನೆಯವರ ಭೇಟಿ. ಅಮ್ಮ ಬಂದು ಹೋದ ಸಂಜೆ ಮಗುವಿಗೆ ಚಿತ್ರ ಬೇಡ. ಗುಂಪು ಹನ್ನೆರಡು ಮಕ್ಕಳನ್ನು ಮೀರದಿರಲಿ, ದೊಡ್ಡವರು ಇಬ್ಬರಿರಲಿ. ಆರು ತಿಂಗಳು ಬಿಡದೆ ಬರುತ್ತೇನೆ ಎಂಬ ಧೈರ್ಯವಿದ್ದರೆ ಮಾತ್ರ ಶುರು ಮಾಡಿ. ನಾಲ್ಕು ವಾರ ಬಂದು ಮಾಯವಾಗುವ ‘ಅಕ್ಕ’ಂದಿರನ್ನು ಈ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. ಬರಲಾಗದಿದ್ದರೆ ಹಿಂದಿನ ವಾರವೇ ಹೇಳಿ, ಗೋಡೆಯ ಕ್ಯಾಲೆಂಡರ್‌ನಲ್ಲಿ ಮಕ್ಕಳ ಕೈಯಿಂದಲೇ ಗುರುತು ಹಾಕಿಸಿ.

ಹನ್ನೆರಡು ಮಕ್ಕಳಿಗೆ ಮೂರು ತಿಂಗಳಿಗೆ ಬೇಕಾದ ಸಾಮಾನು: ಎ-3 ಅಳತೆಯ ಕಾರ್ಟ್ರಿಜ್ ಹಾಳೆ 300 (ಮಗುವಿಗೆ ವಾರಕ್ಕೆ ಎರಡರಂತೆ), ಪೋಸ್ಟರ್ ಬಣ್ಣ ಅರ್ಧ ಲೀಟರಿನ ಬಾಟಲಿಗಳಲ್ಲಿ ಕೆಂಪು, ಹಳದಿ, ನೀಲಿ, ಕಪ್ಪು ಒಂದೊಂದು, ಬಿಳಿ ಎರಡು, ಅರ್ಧ ಇಂಚಿನ ಚಪ್ಪಟೆ ಬ್ರಶ್ 12, ಆರನೇ ನಂಬರಿನ ದುಂಡು ಬ್ರಶ್ 12, ಆಯಿಲ್ ಪೇಸ್ಟಲ್ ಡಬ್ಬಿ 12, ಮೊಂಡು ತುದಿಯ ಕತ್ತರಿ 6. ಅವೆನ್ಯೂ ರಸ್ತೆಯ ಸಗಟು ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತವೆ. ನೀರಿಗೆ ಅಗಲ ತಳದ ಡಬ್ಬ ಇಡಿ, ಅರ್ಧ ಮಾತ್ರ ತುಂಬಿ. ಸ್ಟೀಲ್ ಲೋಟವಂತೂ ಉರುಳಿಯೇ ಉರುಳುತ್ತದೆ.

ಪೇಸ್ಟಲ್ ಡಬ್ಬಿಗಳನ್ನು ನಡುವೆ ಸುರಿದು ‘ಹಂಚಿಕೊಳ್ಳಿ’ ಅನ್ನಬೇಡಿ. ದೊಡ್ಡವರ ಕೈಗೆ ಕೆಂಪು, ನೀಲಿ ಹೋಗಿ ಚಿಕ್ಕವರಿಗೆ ಮುರಿದ ಬೂದು ಉಳಿಯುತ್ತದೆ. ಅವರ ದಿನವೆಲ್ಲ ಹಂಚಿಕೆಯಲ್ಲೇ ಕಳೆಯುತ್ತದೆ, ಇಲ್ಲಾದರೂ ಒಂದೊಂದು ಡಬ್ಬಿ ಒಬ್ಬೊಬ್ಬರದಾಗಲಿ, ಮುಚ್ಚಳದ ಮೇಲೆ ಹೆಸರಿರಲಿ. ಮೊದಲ ವಾರಗಳಲ್ಲಿ ಯಾರಾದರೂ ಹಾಳೆಗಳನ್ನು ಅಂಗಿಯೊಳಗೆ ಸೇರಿಸಿಕೊಂಡರೆ ಕಳ್ಳತನ ಎಂದು ಗದರಬೇಡಿ. ನಾಳೆ ಸಿಗುವುದೋ ಇಲ್ಲವೋ ಎಂಬ ಅಭ್ಯಾಸ ಅದು. ಒಂದು ಹಾಳೆ ಇವತ್ತಿಗೆ, ಒಂದು ಹಾಸಿಗೆಯ ಹತ್ತಿರ ಇಟ್ಟುಕೊಳ್ಳಲು ಎಂದು ನೀವೇ ಎಣಿಸಿ ಕೊಡಿ. ಪ್ರತಿ ವಾರ ತಪ್ಪದೆ ಸಿಗುತ್ತದೆ ಎಂದು ಖಾತ್ರಿಯಾದಂತೆ ಬಚ್ಚಿಡುವುದು ಕಡಿಮೆಯಾಗುತ್ತದೆ.

ಮೊದಲ ದಿನ ‘ಏನು ಬೇಕಾದರೂ ಬರಿ’ ಅಂದರೆ ಹನ್ನೆರಡು ಹಾಳೆಗಳಲ್ಲೂ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ ಬರುತ್ತವೆ. ತಪ್ಪಾಗಬಾರದು ಎಂಬ ಅಂಜಿಕೆಗೆ ಈ ಚಿತ್ರ ಆಸರೆ. ತಿದ್ದಲು ಹೋಗಬೇಡಿ. ಮೊದಲ ಮೂರು ವಾರ ‘ಚೆನ್ನಾಗಿ ಬರೆಯುವ’ ಪ್ರಶ್ನೆಯೇ ಏಳದ ಕೆಲಸ ಕೊಡಿ: ಎಲೆಗೆ ಬಣ್ಣ ಬಳಿದು ಒತ್ತುವುದು, ಬೆಂಡೆಕಾಯಿ ಅಚ್ಚು, ತಮಟೆಯ ಪೆಟ್ಟಿಗೆ ತಕ್ಕಂತೆ ಗೆರೆ ಎಳೆಯುವುದು. ‘ನಿನ್ನ ಮನೆ ಬರಿ’, ‘ಅಮ್ಮನನ್ನು ಬರಿ’ ಎಂದು ಎಂದೂ ಹೇಳಬೇಡಿ. ಬರೆಯಬೇಕು ಅನ್ನಿಸಿದ ದಿನ ಅವರೇ ಬರೆಯುತ್ತಾರೆ. ಇಲ್ಲಿಂದ ಶಾಲೆಗೆ ಹೋಗುವ ದಾರಿ, ಜೇಬಿನಲ್ಲಿರುವ ಸಾಮಾನು, ಅಡುಗೆಮನೆಯ ಅತಿ ದೊಡ್ಡ ಪಾತ್ರೆ: ಇಂಥವು ಸಾಕು.

ನಾಲ್ಕನೇ ವಾರ ಮೈಬಣ್ಣ ಕಲೆಸಲು ಕಲಿಸಿ. ಬಣ್ಣದ ಡಬ್ಬಿಯಲ್ಲಿ ತೆಳು ಗುಲಾಬಿ ಬಣ್ಣಕ್ಕೆ ಮಕ್ಕಳು ‘ಸ್ಕಿನ್ ಕಲರ್’ ಅನ್ನುತ್ತಾರೆ, ತಮ್ಮ ಮುಖಕ್ಕೂ ಅದನ್ನೇ ಹಚ್ಚುತ್ತಾರೆ. ತಟ್ಟೆಯಲ್ಲಿ ಹಳದಿ ಎರಡು ಪಾಲು, ಕೆಂಪು ಒಂದು ಪಾಲು ಕಲೆಸಿ ಕೇಸರಿ ಮಾಡಿಸಿ. ಬ್ರಶ್ಶಿನ ತುದಿಯಲ್ಲಿ ನೀಲಿ ತಾಗಿಸಿದರೆ ಕಂದು ಬರುತ್ತದೆ. ನೀಲಿ ಜಾಸ್ತಿಯಾದರೆ ಕೆಸರಾಗುತ್ತದೆ, ಆಗ ಹಳದಿ ಸೇರಿಸಿ. ಬಿಳಿಯನ್ನು ಕೊನೆಗೆ, ಚೂರೇ ಚೂರು, ಇಲ್ಲವಾದರೆ ಬಣ್ಣ ಸುಣ್ಣದಂತೆ ಸಪ್ಪೆಯಾಗುತ್ತದೆ. ಒಂದು ಚುಕ್ಕೆಯನ್ನು ಮುಂಗೈ ಮೇಲೆ ಇಟ್ಟು ನೋಡಬೇಕು: ಚುಕ್ಕೆ ಕಾಣದಂತಾದರೆ ಬಣ್ಣ ಕೂಡಿಬಂತು. ಹನ್ನೆರಡು ಮಕ್ಕಳ ಹನ್ನೆರಡು ಬಣ್ಣವನ್ನು ಸಣ್ಣ ಚೌಕಗಳಲ್ಲಿ ಹಚ್ಚಿ ಒಂದೇ ಹಾಳೆಗೆ ಅಂಟಿಸಿ. ‘ಕರಿಯ’ ಎಂದು ಕರೆಸಿಕೊಂಡು ಬೆಳೆದ ಹುಡುಗ ತನ್ನ ಚೌಕವನ್ನು ಹುಡುಕುವ ರೀತಿ ನೋಡಿದರೆ ಈ ಪಾಠ ಏಕೆ ಬೇಕೆಂದು ತಿಳಿಯುತ್ತದೆ.

ಆಮೇಲೆ ಜೇಡಿಮಣ್ಣು. ಪಾಟರಿ ಟೌನ್‌ನ ಕುಂಬಾರರಲ್ಲಿ ಹದ ಮಾಡಿದ ಮಣ್ಣು ಸಿಗುತ್ತದೆ, ಮಗುವಿಗೆ ಒಂದು ಕಿಲೋ ಲೆಕ್ಕ ಹಾಕಿ. ಒದ್ದೆ ಗೋಣಿಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ವಾರಗಟ್ಟಲೆ ಹದವಾಗಿರುತ್ತದೆ. ಕಿವಿ, ಬಾಲ ಬಿದ್ದುಹೋಗುವುದು ನೀರು ಹಚ್ಚಿ ಸುಮ್ಮನೆ ಅಂಟಿಸುವುದರಿಂದ. ಎರಡೂ ಕಡೆ ಕಡ್ಡಿಯಿಂದ ಗೀರಿ, ಮಣ್ಣಿನ ರಾಡಿ ಹಚ್ಚಿ ಒತ್ತಬೇಕು. ಹೆಬ್ಬೆರಳಿಗಿಂತ ದಪ್ಪ ಮಾಡಿದರೆ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ನೆರಳಲ್ಲಿ ನಾಲ್ಕು ದಿನ ಒಣಗಿಸಿ. ಕೈಯನ್ನು ಬಕೆಟ್‌ನಲ್ಲಿ ತೊಳೆಸಿ ನೀರನ್ನು ಗಿಡಕ್ಕೆ ಚೆಲ್ಲಿ. ಸಿಂಕಿನಲ್ಲಿ ತೊಳೆದರೆ ಪೈಪ್ ಕಟ್ಟಿಕೊಳ್ಳುತ್ತದೆ, ಮುಂದಿನ ವಾರ ನಿಮ್ಮನ್ನು ಒಳಗೆ ಬಿಡುವುದಿಲ್ಲ! ಮಾಡಿದ ಗೊಂಬೆಯನ್ನು ಮಗುವೇ ಗುದ್ದಿ ಮುದ್ದೆ ಮಾಡಿದರೆ ತಡೆಯಬೇಡಿ. ಮಣ್ಣಿನ ಗುಣವೇ ಅದು: ಹಾಳು ಮಾಡಿದರೂ ಏನೂ ಹಾಳಾಗುವುದಿಲ್ಲ, ಮತ್ತೆ ಮಾಡಬಹುದು.

ಹನ್ನೊಂದು ದಾಟಿದವರಿಗೆ ಕೌದಿ, ಅಂದರೆ ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಹೊದಿಕೆ. ಉತ್ತರ ಕರ್ನಾಟಕದಿಂದ ಬಂದ ಮಕ್ಕಳಿಗೆ ಅಜ್ಜಿಯ ಕೌದಿ ನೆನಪಿರುತ್ತದೆ, ನಿಮಗಿಂತ ಅವರಿಗೇ ಹೆಚ್ಚು ಗೊತ್ತಿದ್ದರೂ ಇರಬಹುದು. ಪೂರ್ತಿ ಅಳತೆಗೆ ಕೈ ಹಾಕಬೇಡಿ, ಮುಗಿಯದೆ ಬೇಸರ ಬರುತ್ತದೆ. ತಲೆದಿಂಬಿನ ಅಳತೆ, ಅಂದರೆ 16 ಇಂಚು ಅಗಲ 24 ಇಂಚು ಉದ್ದ ಸಾಕು. ಹಳೆಯ ಹತ್ತಿ ಸೀರೆ, ಲುಂಗಿಯಿಂದ 5 ಇಂಚಿನ 24 ಚೌಕ ಕತ್ತರಿಸಿ, ನಾಲ್ಕೂ ಬದಿ ಅರ್ಧ ಇಂಚು ಒಳಕ್ಕೆ ಮಡಚಿದರೆ 4 ಇಂಚಿನ ತುಂಡು, ನಾಲ್ಕು ಸಾಲಿಗೆ ಆರಾರು. ಕೆಳಗೆ ಎರಡು ಪದರ ಹಳೆ ಬಟ್ಟೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಮಾಡುವಂತೆ ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಕ್ಕೆ ಹೊಲಿಯುತ್ತ ಬಂದರೆ ಬಟ್ಟೆ ಜರುಗುವುದಿಲ್ಲ. ನಡುವಿನಿಂದ ತುಂಡು ಇಡುತ್ತ ಹೋದರೆ ಅಂಚು ಸೊಟ್ಟಗಾಗುತ್ತದೆ. ಸಿಂಥೆಟಿಕ್ ಸೀರೆ ಬೇಡ, ಜಾರುತ್ತದೆ. ಸೂಜಿಯನ್ನು ಎಣಿಸಿ ಕೊಟ್ಟು ಎಣಿಸಿಯೇ ವಾಪಸ್ ತೆಗೆದುಕೊಳ್ಳಿ. ಹುಡುಗರನ್ನೂ ಕೂರಿಸಿ.

ಪ್ರತಿ ಮಗುವಿಗೂ ಎರಡು ದಪ್ಪ ರಟ್ಟು, ಲಾಡಿ ಇರುವ ಒಂದು ಕಡತ ಮಾಡಿಕೊಡಿ. ಚಿತ್ರದ ಹಿಂದೆ ಹೆಸರು, ತಾರೀಖು, ಮಗು ಹೇಳಿದ ಒಂದು ವಾಕ್ಯ ಇದ್ದ ಹಾಗೇ ಬರೆಯಿರಿ. ಈ ಮಕ್ಕಳ ಹತ್ತಿರ ನಾಮಕರಣದ ಫೋಟೊ ಇರುವುದಿಲ್ಲ, ಮೊದಲ ಹಲ್ಲು ಬಿದ್ದ ಕತೆ ಹೇಳುವವರಿರುವುದಿಲ್ಲ. ಬೇರೆ ಜಿಲ್ಲೆಯ ಮಂದಿರಕ್ಕೆ ವರ್ಗವಾದರೆ ಕಡತವೂ ಮಗುವಿನ ಜೊತೆ ಹೋಗಬೇಕೆಂದು ಅಧೀಕ್ಷಕರಿಂದ ಮೊದಲೇ ಒಪ್ಪಿಗೆ ಪಡೆಯಿರಿ. ಅಷ್ಟನ್ನು ಮಾತ್ರ ಪಟ್ಟು ಹಿಡಿದು ಮಾಡಿಸಿ.

ಪ್ರಶ್ನೆ: ನಾವು ಕಲಿಸುವ ಆಶ್ರಮದಲ್ಲಿ ಒಬ್ಬ ಹುಡುಗ ಯಾವಾಗಲೂ ಕಪ್ಪು ಬಣ್ಣವನ್ನೇ ಹಚ್ಚುತ್ತಾನೆ. ಮನಸ್ಸಿಗೆ ಆಘಾತವಾಗಿದೆ ಎಂದು ಅರ್ಥವೇ? (ಬನಶಂಕರಿಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಅಷ್ಟರಿಂದ ಏನೂ ಹೇಳಲಾಗದು. ಬಿಳಿ ಹಾಳೆಯ ಮೇಲೆ ಕಪ್ಪು ಎದ್ದು ಕಾಣುತ್ತದೆ. ಡಬ್ಬಿಯಲ್ಲಿ ಮುರಿಯದೆ ಉಳಿದದ್ದು ಅದೊಂದೇ ಇರಬಹುದು. ಇಷ್ಟದ ನಟನ ಕಾರು ಕಪ್ಪಗಿರಬಹುದು. ಚಿತ್ರ ನೋಡಿ ಮನಸ್ಸು ಓದುತ್ತೇವೆ ಎನ್ನುವ ಪಟ್ಟಿಗಳು ಮೊಬೈಲ್‌ನಲ್ಲಿ ಬಹಳ ಓಡಾಡುತ್ತಿವೆ, ನಂಬಬೇಡಿ. ಗಮನಿಸಬೇಕಾದದ್ದು ಬದಲಾವಣೆಯನ್ನು: ಮಾತಾಡುತ್ತಿದ್ದ ಮಗು ವಾರಗಟ್ಟಲೆ ಮೌನವಾಗಿದೆಯೇ, ಊಟ ನಿದ್ದೆ ಬಿಟ್ಟಿದೆಯೇ, ಯಾರೋ ಒಬ್ಬರು ಬಂದಾಗ ಮೈ ಮುದುಡಿಕೊಳ್ಳುತ್ತದೆಯೇ? ಹಾಗಿದ್ದರೆ ಸಂಸ್ಥೆಯ ಆಪ್ತಸಮಾಲೋಚಕರಿಗೆ ತಿಳಿಸಿ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ನೀವು ಕಲಿಸುವವರು, ಚಿಕಿತ್ಸಕರಲ್ಲ. ಈ ಗೆರೆ ದಾಟಬೇಡಿ. ‘ಇದು ಏನು?’ ಎಂದು ಕೇಳುವ ಬದಲು ‘ಇದರ ಬಗ್ಗೆ ಹೇಳ್ತೀಯಾ?’ ಅನ್ನಿ. ಹೇಳದಿದ್ದರೆ ಬಿಡಿ.

ಬಣ್ಣ ಹಚ್ಚುತ್ತಾ ಕುಳಿತ ಮಗು ಇದ್ದಕ್ಕಿದ್ದಂತೆ, ತನ್ನ ಮೇಲೆ ಯಾರೋ ಮಾಡಿದ ದೌರ್ಜನ್ಯವನ್ನು ಹೇಳಿಬಿಡಬಹುದು. ಕೈ ಬಣ್ಣದಲ್ಲಿರುವಾಗ, ಎದುರಿನವರ ಕಣ್ಣು ನೋಡಬೇಕಾಗಿಲ್ಲದಾಗ ಮಾತು ಸಲೀಸಾಗಿ ಬರುತ್ತದೆ. ಆಗ ಗಾಬರಿ ತೋರಿಸದೆ ಕೇಳಿ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲಾಗದು. ಕೆದಕಿ ಪ್ರಶ್ನೆ ಕೇಳಬೇಡಿ, ಮತ್ತೆ ಮತ್ತೆ ಹೇಳಿಸಬೇಡಿ. ‘ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ’ ಎಂದಷ್ಟೇ ಹೇಳಿ. ಮಗು ಆಡಿದ ಮಾತನ್ನು ಅದರದೇ ಪದಗಳಲ್ಲಿ ಅದೇ ದಿನ ಬರೆದಿಡಿ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಗೊತ್ತಾದ ಪ್ರತಿಯೊಬ್ಬರ ಕರ್ತವ್ಯ, ತಿಳಿಸದಿರುವುದು ಅಪರಾಧ. ಆರೋಪ ಸಂಸ್ಥೆಯವರ ಮೇಲೆಯೇ ಇದ್ದರೆ ಅಧೀಕ್ಷಕರ ಮೂಲಕ ಹೋಗದೆ ನೇರವಾಗಿ ಪೊಲೀಸರಿಗೆ ಅಥವಾ 1098ಕ್ಕೆ ತಿಳಿಸಿ.

ಪ್ರಶ್ನೆ: ನಮ್ಮ ಕಂಪನಿಯ ಗೆಳೆಯರು ಸೇರಿ ಆಶ್ರಮದ ಮಕ್ಕಳ ಚಿತ್ರ ಪ್ರದರ್ಶನ ಮಾಡಿ, ಮಾರಿ, ಹಣವನ್ನು ಆಶ್ರಮಕ್ಕೆ ಕೊಡಬೇಕೆಂದಿದ್ದೇವೆ. ಮಕ್ಕಳ ಫೋಟೊ, ಕತೆ ಹಾಕಿದರೆ ಜನ ಹೆಚ್ಚು ಬರುತ್ತಾರಲ್ಲವೇ? (ವೈಟ್‌ಫೀಲ್ಡ್‌ನ ಓದುಗರು)

ಉತ್ತರ: ಬರುತ್ತಾರೆ, ಆದರೆ ಹಾಕುವ ಹಾಗಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಈ ಮಕ್ಕಳ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಮಾಧ್ಯಮದಲ್ಲಿ ಬಹಿರಂಗ ಮಾಡಬಾರದು. ತಪ್ಪಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಬಿಡಿ, ‘ಕುಡುಕ ತಂದೆಯ ಮಗಳು’ ಎಂಬ ಫಲಕದ ಪಕ್ಕ ತನ್ನ ಚಿತ್ರ ತೂಗುಹಾಕಿದ್ದನ್ನು ಆ ಹುಡುಗಿ ಹದಿನೆಂಟಾದ ಮೇಲೆ ನೋಡಿದರೆ ಹೇಗಾಗಬೇಡ? ಪ್ರದರ್ಶನಕ್ಕೆ ಚಿತ್ರಗಳ ಮುದ್ರಿತ ಪ್ರತಿ ಇಡಿ, ಮೂಲ ಚಿತ್ರ ಮಗುವಿನ ಕಡತದಲ್ಲೇ ಇರಲಿ. ಯಾವ ಚಿತ್ರ ಇಡಬಹುದು, ಯಾವುದು ಬೇಡ ಎಂದು ಮಗು ಹೇಳಲಿ, ಹಿಂದಿನ ದಿನ ಮನಸ್ಸು ಬದಲಾಯಿಸಿದರೂ ತೆಗೆದುಬಿಡಿ. ಹಣದಲ್ಲಿ ಮಗುವಿನ ಪಾಲು ಅದರ ಹೆಸರಿನ ಬ್ಯಾಂಕ್ ಖಾತೆಗೆ ಹೋಗಬೇಕು, ಇದನ್ನು ಮೊದಲೇ ಬರಹದಲ್ಲಿ ಒಪ್ಪಿಕೊಳ್ಳಿ.

ಪ್ರದರ್ಶನಕ್ಕೆ ಖರ್ಚು ಮಾಡುವ ಬದಲು ಮಕ್ಕಳನ್ನೇ ಕರೆದುಕೊಂಡು ಹೋಗಿ ಎಂಬುದು ನಮ್ಮ ಸಲಹೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ, ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆ ಇದೆ, ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ ಇದೆ. ಸಂತೆಯ ಜನಜಂಗುಳಿಯಲ್ಲಿ ಮೂರು ಮಕ್ಕಳಿಗೆ ಒಬ್ಬ ದೊಡ್ಡವರಿರಲಿ, ಬೆಳಿಗ್ಗೆ ಬೇಗ ಹೋಗಿ. ಹೈಸ್ಕೂಲು ಮಕ್ಕಳಿಗೆ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟಿಸುವುದೂ ಉಪಯುಕ್ತ. ಹದಿನೆಂಟು ತುಂಬಿ ಹೊರಗೆ ಕಾಲಿಡುವಾಗ ಕೈಯಲ್ಲಿ ಒಂದು ಪ್ರಮಾಣಪತ್ರವಾದರೂ ಇರುತ್ತದೆ.

ಪ್ರಶ್ನೆ: ನಮ್ಮ ಬೀದಿಯ ಅಜ್ಜಿಯೊಬ್ಬರು ಮಗ ತೀರಿಕೊಂಡು, ಸೊಸೆ ಬಿಟ್ಟುಹೋದ ಮೇಲೆ ಎಂಟು ವರ್ಷದ ಮೊಮ್ಮಗಳನ್ನು ಹೂ ಕಟ್ಟಿ ಸಾಕುತ್ತಿದ್ದಾರೆ. ಇನ್ನು ಆಗಲ್ಲ, ಆಶ್ರಮಕ್ಕೆ ಸೇರಿಸಿಕೊಡಮ್ಮ ಅಂತ ಕೇಳುತ್ತಿದ್ದಾರೆ. ಮಗು ಅಜ್ಜಿಯನ್ನು ಬಿಟ್ಟು ಇರುವುದಿಲ್ಲ. ಏನು ಮಾಡಲಿ? (ಲಗ್ಗೆರೆಯ ಗೃಹಿಣಿ)

ಉತ್ತರ: ಸೇರಿಸುವ ಮೊದಲು ಪ್ರಾಯೋಜಕತ್ವಕ್ಕೆ, ಅಂದರೆ ಮಗು ಮನೆಯಲ್ಲೇ ಬೆಳೆಯಲೆಂದು ಸರ್ಕಾರ ಕೊಡುವ ಸಹಾಯಧನಕ್ಕೆ, ಅರ್ಜಿ ಹಾಕಿಸಿ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಬಂಧುಗಳ ಜೊತೆ ಬೆಳೆಯುತ್ತಿರುವ ಇಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ನಗರದಲ್ಲಿ ಕುಟುಂಬದ ವಾರ್ಷಿಕ ಆದಾಯ 96,000 ರೂಪಾಯಿ ಮೀರಿರಬಾರದು, ಮಗು ಶಾಲೆಗೆ ಹೋಗುತ್ತಿರಬೇಕು. ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. 1098ಕ್ಕೆ ಫೋನ್ ಮಾಡಿದರೆ ಕಚೇರಿಯ ದಾರಿ ಹೇಳುತ್ತಾರೆ. ಅಜ್ಜಿಯ ಮತ್ತು ಮಗುವಿನ ಆಧಾರ್, ಮಗನ ಮರಣ ಪತ್ರ, ನಾಡಕಚೇರಿಯ ಆದಾಯ ಪತ್ರ, ಶಾಲೆಯ ವ್ಯಾಸಂಗ ಪತ್ರ, ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ ಇಟ್ಟುಕೊಳ್ಳಿ.

ಹೆಚ್ಚಾಗಿ ಸಿಕ್ಕಿಕೊಳ್ಳುವುದು ಎರಡು ಕಡೆ. ಮರಣ ಬೇರೆ ಊರಿನಲ್ಲಿ ಆಗಿದ್ದರೆ ಪತ್ರವನ್ನು ಅಲ್ಲಿಂದಲೇ ತರಿಸಬೇಕು, ಇದಕ್ಕೇ ತಿಂಗಳು ಹಿಡಿಯಬಹುದು, ಮೊದಲು ಇದನ್ನು ಶುರುಮಾಡಿ. ಸೊಸೆ ಬಿಟ್ಟುಹೋದದ್ದಕ್ಕೆ ಯಾವ ಕಾಗದವೂ ಇರುವುದಿಲ್ಲ. ಅದಕ್ಕೆ ಅಜ್ಜಿ ಮಗುವಿನೊಂದಿಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ ಹೇಳಿಕೆ ಕೊಟ್ಟರೆ, ಸಮಿತಿ ಸಾಮಾಜಿಕ ತನಿಖಾ ವರದಿ ತರಿಸಿಕೊಳ್ಳುತ್ತದೆ. ನೀವು ನೆರೆಯವರಾಗಿ ಹೇಳುವ ಮಾತಿಗೂ ಆ ವರದಿಯಲ್ಲಿ ಬೆಲೆಯಿದೆ. ಮಂಜೂರಾದ ಹಣ ತಿಂಗಳು ತಿಂಗಳು ಬಾರದೆ ಕಂತು ಸೇರಿ ಬರುವುದುಂಟು. ಹಾಗಾಗಿ ಮೊದಲ ಕಂತು ಬರುವ ತನಕ ದಿನಸಿಗೆ ಬೀದಿಯವರೇ ನಾಲ್ಕು ಮನೆ ಸೇರಿ ಏರ್ಪಾಡು ಮಾಡಿ. ಅಜ್ಜಿಗೆ 65 ತುಂಬಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿಗೆ, ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಅವರೇ ಆಗಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿಗೆ ಅದೇ ಓಡಾಟದಲ್ಲಿ ಅರ್ಜಿ ಹಾಕಿಸಿ. ಅಜ್ಜಿ ಒಬ್ಬರನ್ನೇ ಕಚೇರಿಗೆ ಕಳಿಸಬೇಡಿ, ನೀವು ಜೊತೆಗೆ ಹೋಗಿ, ಅರ್ಜಿ ಕೊಟ್ಟದ್ದಕ್ಕೆ ಸೀಲು ಹಾಕಿದ ಸ್ವೀಕೃತಿ ಪಡೆದುಕೊಂಡೇ ಬನ್ನಿ.